ಸುಂಕದ ಕಟ್ಟೆಯವರಿಗೆ ಸಿಕ್ಕ ಉತ್ತರ

ಯೊರ್ದನ್ ಹೊಳೆಯ ಬಳಿ ಸ್ನಾನಿಕ ಯೋಹಾನನನ್ನು ಹುಡುಕಿಕೊಂಡು ಬಂದವರಲ್ಲಿ ಸುಂಕದವರೂ ಇದ್ದರು. ಆಳುವವರ ಪರವಾಗಿ ಸುಂಕ ಎತ್ತುವುದು, ಅದರ ಮೇಲೆ ತಮಗೊಂದಿಷ್ಟು ಸೇರಿಸಿ ಕೀಳುವುದು ಅವರ ಕಸುಬಾಗಿತ್ತು. ಊರವರು ಇವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ನಾವೇನು ಮಾಡಬೇಕು ಎಂದು ಅವರು ಕೇಳಿದಾಗ ಯೋಹಾನ ಕೆಲಸ ಬಿಟ್ಟುಬನ್ನಿ ಎನ್ನಲಿಲ್ಲ, ಉಪವಾಸ ಮಾಡಿ ಎಂದೂ ಹೇಳಲಿಲ್ಲ. ಗೊತ್ತುಪಡಿಸಿದ ದರಕ್ಕಿಂತ ಹೆಚ್ಚಿಗೆ ವಸೂಲಿ ಮಾಡಬೇಡಿ ಎಂದ, ಅಷ್ಟೆ. ಜೊತೆಗೆ ಬಂದಿದ್ದ ಸಿಪಾಯಿಗಳಿಗೂ ಅದೇ ಧಾಟಿ: ಬೆದರಿಸಿ ದುಡ್ಡು ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ಬರುವ ಸಂಬಳದಲ್ಲೇ ಸಂಸಾರ ತೂಗಿಸಿ. ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಬರುವ ಈ ಉತ್ತರ ಓದಿದರೆ ಇಲಾಖೆಯ ಸುತ್ತೋಲೆ ಓದಿದ ಹಾಗಿದೆ.

ಉದ್ಯೋಗದ ವಿಷಯ ಬಂದಾಗಲೆಲ್ಲ ಸತ್ಯವೇದ ಹೀಗೇ ಮಾತಾಡುತ್ತದೆ. ತಕ್ಕಡಿಯ ಕಲ್ಲು, ಕೂಲಿಯವನ ದಿನದ ಹಣ, ಗಡಿಯ ಕಲ್ಲು, ಲಂಚ, ಕಾಣಿಕೆ ಪೆಟ್ಟಿಗೆಯ ಎಣಿಕೆ, ಎಲ್ಲವೂ ಕೈಯಲ್ಲಿ ಮುಟ್ಟಿ ನೋಡಬಹುದಾದ ವಸ್ತುಗಳು. ಆದ್ದರಿಂದ ನಂಬಿಕೆಯಿಂದ ಪ್ರಾಮಾಣಿಕವಾಗಿ ಬದುಕಬೇಕೆನ್ನುವವರ ತಯಾರಿಯೂ ಆ ಮಟ್ಟದಲ್ಲೇ ಇರಬೇಕು ಎಂಬುದು ನನ್ನ ವಾದ. ಗುತ್ತಿಗೆದಾರ ಕವರ್ ಹಿಡಿದು ಎದುರಿಗೆ ನಿಂತಾಗ ಬಾಯಿಗೆ ಪ್ರಾರ್ಥನೆ ಬರುವುದಿಲ್ಲ, ಬರುವುದು ಹಳೆಯ ಅಭ್ಯಾಸ. ಅಭ್ಯಾಸವನ್ನು ಮೊದಲೇ ಕಟ್ಟಿಕೊಂಡಿರಬೇಕು.

ಚೀಲದಲ್ಲಿ ಎರಡು ಕಲ್ಲು

ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ ವ್ಯಾಪಾರಿಗೊಂದು ನಿಯಮವಿದೆ. ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು ಎಂದು ಎರಡು ಬಗೆಯ ತೂಕದ ಕಲ್ಲು ಚೀಲದಲ್ಲಿ ಇರಲೇಬಾರದು. ಗಮನಿಸಿ, ಮೋಸದ ಕಲ್ಲಿನಿಂದ ತೂಗಬೇಡ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಆದರೆ ನಿಯಮ ಚೀಲಕ್ಕೇ ಕೈಹಾಕುತ್ತದೆ. ಇಟ್ಟುಕೊಂಡರೆ ಇವತ್ತಲ್ಲ ನಾಳೆ ಬಳಸುತ್ತೀಯೆ ಎಂಬ ಅನುಭವ ಅದರ ಹಿಂದಿದೆ.

ನಮ್ಮ ಚೀಲದಲ್ಲಿರುವ ಎರಡನೇ ಕಲ್ಲು ಯಾವುದು ಎಂದು ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಟೂರ್‌ಗೆ ಹೋದಾಗ ಲಾಡ್ಜಿನ ಕೌಂಟರಿನಲ್ಲಿ ಮ್ಯಾನೇಜರ್ ಪೆನ್ನು ಹಿಡಿದು, ಕತ್ತೆತ್ತದೆ, "ಬಿಲ್ ಎಷ್ಟಕ್ಕೆ ಬರೀಲಿ ಸಾರ್?" ಎನ್ನುತ್ತಾನೆ. ಅವನಿಗದು ಗಿರಾಕಿಗೆ ಮಾಡುವ ಉಪಚಾರ. ಕೆಲವರು ಇನ್ನೂ ಮುಂದಾಲೋಚನೆಯವರು, ಅಂಗಡಿಯ ಸೀಲು ಒತ್ತಿದ ಖಾಲಿ ಬಿಲ್ಲುಗಳನ್ನೇ ನಾಲ್ಕಾರು ಇಸಿದುಕೊಂಡು ಪರ್ಸಿನಲ್ಲಿ ಇಟ್ಟಿರುತ್ತಾರೆ. ಸಹಿ ಮಾಡಿಟ್ಟ ಖಾಲಿ ವೋಚರು, "ನಾನು ಲೇಟಾದ್ರೆ ನೀನೇ ಹಾಕ್ಬಿಡು" ಎಂದು ಗೆಳೆಯ ಕೊಟ್ಟುಹೋದ ಹಾಜರಿ ಕಾರ್ಡು, ಸಾಹೇಬರ ಲಾಗಿನ್ ಪಾಸ್‌ವರ್ಡ್ ಬರೆದುಕೊಂಡ ಚೀಟಿ, ಇವೆಲ್ಲ ಅದೇ ಜಾತಿ. ಇವನ್ನು ಬಳಸುವುದಿಲ್ಲ ಎಂದು ಶಪಥ ಮಾಡುವುದಕ್ಕಿಂತ ಈ ವಾರವೇ ಹರಿದು ಬಿಸಾಡುವುದು, ಕಾರ್ಡು ವಾಪಸ್ ಕೊಡುವುದು ಸುಲಭ.

ಐಟಿ ಕಂಪನಿಗಳಲ್ಲಿ ಕಲ್ಲಿನ ಹೆಸರು ಟೈಮ್‌ಶೀಟ್. ಶುಕ್ರವಾರ ಸಂಜೆ ಇಡೀ ವಾರದ್ದನ್ನು ಒಟ್ಟಿಗೆ ತುಂಬುವವರಿಗೆ ಮಂಗಳವಾರ ಏನು ಮಾಡಿದ್ದೆವು ಎಂಬುದು ನೆನಪಿರುವುದಿಲ್ಲ, ಎಂಟು ಗಂಟೆ ಎಂದು ಹಾಕಿ ಮುಗಿಸುತ್ತಾರೆ. ಆ ಗಂಟೆಗಳಿಗೆ ಎಲ್ಲೋ ಒಬ್ಬ ಗಿರಾಕಿ ದುಡ್ಡು ಕಟ್ಟುತ್ತಾನೆ. ಆಯಾ ದಿನದ್ದನ್ನು ಆಯಾ ದಿನ ಬರೆದರೆ ಸುಳ್ಳಿಗೆ ಅರ್ಧ ಅವಕಾಶ ಅಲ್ಲೇ ತಪ್ಪುತ್ತದೆ. ಕೆಲಸ ಹುಡುಕುವ ಮಕ್ಕಳಿಗೆ ಇನ್ನೊಂದು ಮಾತು: ಇಲ್ಲದ ಅನುಭವಕ್ಕೆ ದುಡ್ಡು ಕೊಟ್ಟು ಪತ್ರ ಮಾಡಿಸಿಕೊಳ್ಳುವ ದಂಧೆಗೆ ಬೀಳಬೇಡಿ. ಭವಿಷ್ಯನಿಧಿಯ ಯುಎಎನ್ ಸಂಖ್ಯೆಯಲ್ಲಿ ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದಿರಿ ಎಂಬುದು ದಾಖಲಾಗಿರುತ್ತದೆ, ಕಂಪನಿಗಳು ಅದನ್ನೇ ತೆಗೆದು ನೋಡುತ್ತವೆ. ಎರಡು ವರ್ಷದ ಖಾಲಿ ಜಾಗವನ್ನು ಖಾಲಿ ಎಂದೇ ಹೇಳಿ, ಆಗ ಏನು ಕಲಿತಿರಿ ಎಂದು ವಿವರಿಸಿದವರಿಗೂ ಕೆಲಸ ಸಿಗುತ್ತದೆ, ಸ್ವಲ್ಪ ತಡವಾಗಬಹುದು.

ಅಂಗಡಿ ಇಟ್ಟವರಿಗಂತೂ ನಿಯಮ ಅಕ್ಷರಶಃ ಅನ್ವಯ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು, ಪ್ರಮಾಣಪತ್ರ ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು. ಸಬ್ಬತ್ ಯಾವಾಗ ಮುಗಿದೀತು, ಅಳತೆ ಕಿರಿದುಮಾಡಿ ಗೋಧಿಯ ಜೊತೆ ಹೊಟ್ಟನ್ನೂ ಯಾವಾಗ ಮಾರೇವು ಎಂದು ಕಾಯುತ್ತಿದ್ದವರನ್ನು ಪ್ರವಾದಿ ಆಮೋಸ ಬಯ್ಯುತ್ತಾನೆ. ಆರಾಧನೆಯಲ್ಲಿ ಕೂತು ಸೋಮವಾರದ ಲಾಭ ಎಣಿಸುವ ನಮ್ಮ ಬಗ್ಗೆ ಅವನಿಗೆ ಆಗಲೇ ಗೊತ್ತಿತ್ತು.

ಖುಷಿಯಿಂದ ಕೊಟ್ಟದ್ದು

ಲಂಚ ಯಾಕೆ ಕೆಟ್ಟದ್ದು ಎಂಬುದಕ್ಕೆ ವಿಮೋಚನಕಾಂಡದ 23ನೇ ಅಧ್ಯಾಯ ಕೊಡುವ ಕಾರಣ ವಿಚಿತ್ರವಾಗಿದೆ. ಅದು ಕಣ್ಣಿರುವವರನ್ನು ಕುರುಡರನ್ನಾಗಿ ಮಾಡುತ್ತದಂತೆ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದರ ಸತ್ಯ ಗೊತ್ತು. ದುಡ್ಡು ತೆಗೆದುಕೊಂಡ ಕೇಸ್ ವರ್ಕರ್‌ಗೆ ಆ ಫೈಲಿನಲ್ಲಿರುವ ತಪ್ಪು ನಿಜಕ್ಕೂ ಕಾಣಿಸುವುದಿಲ್ಲ, ಕೊಡದವನ ಫೈಲಿನಲ್ಲಿ ಮಾತ್ರ ಅಲ್ಪವಿರಾಮವೂ ಕಾಣುತ್ತದೆ.

ಕೆಲಸ ಆದ ಮೇಲೆ, ಅವರಾಗಿಯೇ, ಖುಷಿಯಿಂದ ಕೊಟ್ಟರೆ? ಈ ಪ್ರಶ್ನೆಗೆ ಎರಡನೇ ಅರಸುಗಳ 5ನೇ ಅಧ್ಯಾಯದ ಗೇಹಜಿಯ ಕಥೆಗಿಂತ ಒಳ್ಳೆಯ ಪಾಠವಿಲ್ಲ. ಅರಾಮ್ ದೇಶದ ಸೇನಾಪತಿ ನಾಮಾನನ ಕುಷ್ಠ ವಾಸಿಯಾಗಿದೆ. ಅವನು ಮನಸಾರೆ ಕೊಡಲು ಬಂದ ಕಾಣಿಕೆಯನ್ನು ವಾಸಿಮಾಡಿದ ಪ್ರವಾದಿ ಎಲೀಷ ಮುಟ್ಟಲಿಲ್ಲ. ಸೇವಕ ಗೇಹಜಿಗೆ ಹೊಟ್ಟೆ ಉರಿಯಿತು. ರಥದ ಹಿಂದೆ ಓಡಿ, ನಮ್ಮಲ್ಲಿಗೆ ಈಗಷ್ಟೇ ಇಬ್ಬರು ಪ್ರವಾದಿಮಂಡಳಿಯ ಹುಡುಗರು ಬಂದಿದ್ದಾರೆ ಎಂದು ಕಥೆ ಕಟ್ಟಿ ಒಂದು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ಕೇಳಿದ. ನಾಮಾನ ಒತ್ತಾಯ ಮಾಡಿ ಎರಡು ತಲಾಂತು ಕೊಟ್ಟ, ಹೊರಲು ಇಬ್ಬರು ಆಳುಗಳೂ ಬೇಕಾದರು. ಗೇಹಜಿ ಅದನ್ನು ಮನೆಯೊಳಗೆ ಬಚ್ಚಿಟ್ಟು, ಎಲ್ಲಿಗೆ ಹೋಗಿದ್ದೆ ಎಂದು ಯಜಮಾನ ಕೇಳಿದಾಗ ಎಲ್ಲಿಗೂ ಇಲ್ಲ ಎಂದ. ಇಲ್ಲಿ ಕೊಟ್ಟವನಿಗೆ ನೋವಿಲ್ಲ, ಕೆಲಸ ಮೊದಲೇ ಆಗಿದೆ, ಯಾರನ್ನೂ ಸತಾಯಿಸಿಲ್ಲ. ಆದರೂ ಪುಕ್ಕಟೆ ಸಿಕ್ಕ ಒಳಿತಿಗೆ ಹಿಂದಿನಿಂದ ದರ ಕಟ್ಟಿದಂತಾಯಿತು. ಮುಂದಿನ ಸಲ ಬರುವವನು ಕವರ್ ತಂದೇ ಬರುತ್ತಾನೆ.

ಸರ್ಕಾರಿ ನೌಕರರಿಗೆ ಇಲ್ಲಿ ಕೆಲವು ಗಟ್ಟಿ ಆಸರೆಗಳಿವೆ. ಬೆಳಿಗ್ಗೆ ಬಂದ ಕೂಡಲೇ ಜೇಬಿನಲ್ಲಿರುವ ಸ್ವಂತ ದುಡ್ಡನ್ನು ನಗದು ಘೋಷಣಾ ವಹಿಯಲ್ಲಿ ಬರೆಯಿರಿ. ಬಹಳ ಕಡೆ ಆ ವಹಿ ಬೀರುವಿನ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ, ನೀವೊಬ್ಬರೇ ಬರೆದರೂ ಬರೆಯಿರಿ. ಸಂಜೆ ಜೇಬಿನಲ್ಲಿ ಹೆಚ್ಚಿಗೆ ಇದ್ದದ್ದು ಎಲ್ಲಿಂದ ಬಂತು ಎಂದು ಹೇಳಬೇಕಾಗುತ್ತದೆ ಎಂಬ ಅರಿವೇ ಒಂದು ಕಾವಲು. ಹಬ್ಬಕ್ಕೆ, ಹೊಸ ವರ್ಷಕ್ಕೆ ಬರುವ ಡ್ರೈ ಫ್ರೂಟ್ಸ್ ಡಬ್ಬವನ್ನು ಮೊದಲ ವರ್ಷವೇ ವಾಪಸ್ ಕಳಿಸಿ. ಮೂರು ವರ್ಷ ತೆಗೆದುಕೊಂಡು ನಾಲ್ಕನೇ ವರ್ಷ ಬೇಡ ಎಂದರೆ ರೇಟು ಜಾಸ್ತಿ ಕೇಳುತ್ತಿದ್ದಾರೆ ಎಂದೇ ಜನ ತಿಳಿಯುವುದು.

ಇನ್ನು ಕೊಡುವವರ ಕಡೆ. ಜ್ಞಾನೋಕ್ತಿಗಳ ಪುಸ್ತಕ, ಕಾಣಿಕೆಯಿಂದ ಬಾಗಿಲು ತೆರೆಯುತ್ತದೆ ಎಂಬ ಲೋಕದ ಸಂಗತಿಯನ್ನು ಮುಚ್ಚಿಡುವುದಿಲ್ಲ. ಹಾಗೆಂದು ಅದನ್ನೇ ಅನುಮತಿ ಎಂದುಕೊಳ್ಳುವಂತಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ರಕ್ಷಣೆಯಿದೆ. ಮೊದಲೇ ದೂರು ಕೊಟ್ಟು, ಅವರ ಸೂಚನೆಯಂತೆ ಕೊಟ್ಟರೂ ರಕ್ಷಣೆಯಿದೆ. ಕರ್ನಾಟಕದಲ್ಲಿ 2016ರಲ್ಲಿ ಹುಟ್ಟಿದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) 2022ರಲ್ಲಿ ಹೈಕೋರ್ಟ್ ರದ್ದು ಮಾಡಿದ್ದರಿಂದ ಈ ಕೆಲಸ ಮತ್ತೆ ಲೋಕಾಯುಕ್ತ ಪೊಲೀಸರದ್ದು. ದೂರು ಕೊಟ್ಟವರು ಒಯ್ಯುವ ನೋಟಿಗೆ ಅವರು ಫಿನಾಫ್ತಲೀನ್ ಪುಡಿ ಸವರಿ ಕಳಿಸುತ್ತಾರೆ, ಮುಟ್ಟಿದವನ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿಯಾಗುತ್ತದೆ. ದೂರು ಕೊಡುವಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ, ಇರಲೇಬೇಕು ಎಂದು ನಾನು ಹೇಳಲಾರೆ. ಅವರಿಗೆ ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕೆನ್ನುವ ಸಕಾಲ ಕಾಯ್ದೆಯ ದಾರಿ ಇದೆ. 2011ರ ಆ ಕಾಯ್ದೆಯಡಿ ಬರುವ ಸೇವೆಗೆ ಅರ್ಜಿ ಕೊಟ್ಟಾಗ ಜಿಎಸ್‌ಸಿ ಸಂಖ್ಯೆಯಿರುವ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ, ದಿನಕ್ಕೆ 20 ರೂಪಾಯಿಯಂತೆ ಪರಿಹಾರ. ಪರಿಹಾರ ಪುಡಿಗಾಸು. ಆದರೆ ತಡವಾದದ್ದು ದಾಖಲಾಗುತ್ತದೆ, ಹಲವು ಕಡೆ ಅಷ್ಟಕ್ಕೇ ಫೈಲು ಎದ್ದು ನಡೆಯುತ್ತದೆ.

ಸಾಹೇಬರು ಹೇಳಿದಾಗ

ನಿಜವಾದ ಇಕ್ಕಟ್ಟು ಲಂಚದಲ್ಲಿಲ್ಲ, ಆಜ್ಞೆಯಲ್ಲಿದೆ. ಹಿಂದಿನ ತಾರೀಖು ಹಾಕಿ ಸಹಿ ಮಾಡು, ಆಗದ ಕಾಮಗಾರಿಗೆ ಅಳತೆ ಪುಸ್ತಕ (ಎಂಬಿ) ಬರೆ, ಮೂರೂ ಕೊಟೇಶನ್ ಅವನಿಂದಲೇ ತರಿಸು, ಗಿರಾಕಿ ಕೇಳಿದರೆ ಸರಕು ಹೊರಟಿದೆ ಅನ್ನು. ಇಲ್ಲ ಎಂದರೆ ಕೆಲಸ, ಬಡ್ತಿ, ಎತ್ತಂಗಡಿ ಎಲ್ಲ ಕಣ್ಣೆದುರು ಬರುತ್ತವೆ.

ದಾನಿಯೇಲನ ಪುಸ್ತಕ ಎಂದರೆ ನಮಗೆ ಸಿಂಹದ ಗವಿ ನೆನಪಾಗುತ್ತದೆ. ನನಗೆ ಅದರ ಮೊದಲ ಅಧ್ಯಾಯ ಹೆಚ್ಚು ಉಪಯುಕ್ತ ಎನಿಸುತ್ತದೆ. ಅರಸನ ಊಟ ಬೇಡ ಎಂದು ದಾನಿಯೇಲ ತೀರ್ಮಾನಿಸಿದ. ಆದರೆ ತಟ್ಟೆ ತಳ್ಳಿ ಎದ್ದುಹೋಗಲಿಲ್ಲ. ಮೇಲ್ವಿಚಾರಕನ ಹತ್ತಿರ ಹೋಗಿ ವಿನಂತಿ ಮಾಡಿಕೊಂಡ. ಇವರು ಸೊರಗಿದರೆ ನನ್ನ ತಲೆ ಹೋಗುತ್ತದೆ ಎಂಬುದು ಅಧಿಕಾರಿಯ ಭಯ. ಆ ಭಯವನ್ನು ಅರ್ಥಮಾಡಿಕೊಂಡು, ಹತ್ತು ದಿನ ಬರೀ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನಿಮಗೆ ಕಂಡಂತೆ ಮಾಡಿ ಎಂದ. ನಿರಾಕರಣೆಯ ಜೊತೆಗೇ ಬದಲಿ ದಾರಿಯನ್ನೂ ಮುಂದಿಟ್ಟ.

ಇದನ್ನು ನಮ್ಮ ಕಚೇರಿ ಮಾತಿಗೆ ತಂದರೆ ಹೀಗಾಗುತ್ತದೆ: "ಸರ್, ಇವತ್ತಿನ ತಾರೀಖೇ ಹಾಕಿ ಈಗಲೇ ಸಹಿ ಮಾಡ್ತೀನಿ. ತಡ ಯಾಕಾಯ್ತು ಅಂತ ಟಿಪ್ಪಣಿಯಲ್ಲಿ ಎರಡು ಸಾಲು ಬರೆದುಬಿಡ್ತೀನಿ, ಆಡಿಟ್‌ನವರು ನಿಮ್ಮನ್ನ ಕೇಳೋ ಹಾಗಿರಲ್ಲ." ಸಾಹೇಬರಿಗೆ ಬೇಕಾದದ್ದು ತಾರೀಖಲ್ಲ, ತಮ್ಮ ತಲೆ ಉಳಿಯುವುದು. ಗಿರಾಕಿಗೆ ಸುಳ್ಳು ಹೇಳು ಎಂದರೆ, "ಸರಕು ಗುರುವಾರ ಹೊರಡುತ್ತೆ ಅಂತ ಹೇಳ್ತೀನಿ, ಗುರುವಾರಕ್ಕೆ ಲಾರಿ ನಾನೇ ಗೊತ್ತುಮಾಡ್ತೀನಿ" ಎನ್ನಬಹುದು. ಇಷ್ಟಕ್ಕೂ ಒಪ್ಪದೆ ಬಾಯಿಮಾತಿನಲ್ಲೇ ಒತ್ತಾಯ ಮಾಡಿದರೆ, ತಾವು ಮೌಖಿಕವಾಗಿ ತಿಳಿಸಿದ ವಿಷಯ ಎಂದು ಬರೆದು, ನಿಯಮವೇನಿದೆ ಎಂಬುದನ್ನೂ ಕೆಳಗೆ ಸೇರಿಸಿ, ಸೂಕ್ತ ಆದೇಶಕ್ಕಾಗಿ ಮಂಡಿಸಿದೆ ಎಂದು ಕಡತ ಮೇಲಕ್ಕೆ ಕಳಿಸಿ. ಖಾಸಗಿ ಕಂಪನಿಯಲ್ಲಾದರೆ ಅದೇ ಒಂದು ಇಮೇಲ್. ಬರವಣಿಗೆ ಕಂಡ ತಕ್ಷಣ ಎಷ್ಟೋ ಆಜ್ಞೆಗಳು ಆವಿಯಾಗುತ್ತವೆ.

"ಏನ್ ಸಾರ್, ನೀವೊಬ್ರೇ ಸತ್ಯಹರಿಶ್ಚಂದ್ರನಾ?" ಎಂಬ ಮಾತು ಬಂದೇ ಬರುತ್ತದೆ. ನಕ್ಕು ಸುಮ್ಮನಾಗಿ. ನಾನು ಕ್ರೈಸ್ತ, ನಮ್ಮಲ್ಲಿ ಇದೆಲ್ಲ ಇಲ್ಲ ಎಂದು ಮಾತ್ರ ಹೇಳಬೇಡಿ. ಒಂದು, ಅದು ಎದುರಿನವನ ಧರ್ಮವನ್ನು ಕಳ್ಳರ ಧರ್ಮ ಎಂದಂತೆ. ಎರಡು, ಅದು ನಿಜವೂ ಅಲ್ಲ. ಅದೇ ಕಚೇರಿಯಲ್ಲಿ ಯಾವ ಗ್ರಂಥದ ಹೆಸರೂ ಎತ್ತದೆ ಮೂವತ್ತು ವರ್ಷ ಕೈ ಶುದ್ಧ ಇಟ್ಟುಕೊಂಡ ಗುಮಾಸ್ತರು ಇದ್ದೇ ಇರುತ್ತಾರೆ, ಅವರ ಸ್ನೇಹ ಮಾಡಿ. ಕಚೇರಿಯಲ್ಲಿ ನಿಯಮದ ಕಾರಣ ಕೊಡಿ, ವಚನದ ಕಾರಣ ನಿಮ್ಮ ಮನೆಯ ಪ್ರಾರ್ಥನೆಯಲ್ಲಿರಲಿ. ಜೊತೆಗೆ ನಿಮ್ಮ ಪಾಲಿನ ಕೆಲಸ ಚೊಕ್ಕವಾಗಿರಲಿ. ದಾನಿಯೇಲನ ಶತ್ರುಗಳಿಗೆ ಅವನ ರಾಜಕಾರ್ಯದಲ್ಲಿ ಒಂದು ಲೋಪವೂ ಸಿಗಲಿಲ್ಲ ಎಂದು 6ನೇ ಅಧ್ಯಾಯ ಹೇಳುತ್ತದೆ. ಹನ್ನೊಂದು ಗಂಟೆಗೆ ಬಂದು ನಾಲ್ಕಕ್ಕೆ ಹೊರಡುವವರು ಮೆಮೊ ಬಂದಾಗ ಇದು ನಂಬಿಕೆಗಾಗಿ ಅನುಭವಿಸುವ ಹಿಂಸೆ ಎಂದುಕೊಂಡರೆ ಪೇತ್ರನೇ ಒಪ್ಪುವುದಿಲ್ಲ. ತಪ್ಪಿಗೆ ಬಿದ್ದ ಪೆಟ್ಟನ್ನು ತಾಳಿಕೊಂಡರೆ ಹೆಚ್ಚುಗಾರಿಕೆ ಏನು ಎಂದು ಅವನು ಪತ್ರದಲ್ಲಿ ಕೇಳಿದ್ದಾನೆ.

ಎಲ್ಲ ಮುಜುಗರವೂ ಪಾಪವಲ್ಲ ಎಂಬುದನ್ನೂ ತಿಳಿದಿರಬೇಕು. ಮತ್ತೆ ಅದೇ ನಾಮಾನ: ಊರಿಗೆ ಹೊರಡುವ ಮುನ್ನ, ನನ್ನ ಅರಸ ರಿಮ್ಮೋನನ ಗುಡಿಯಲ್ಲಿ ನನ್ನ ಕೈ ಹಿಡಿದು ಬಾಗುವಾಗ ನಾನೂ ಬಾಗಬೇಕಾಗುತ್ತದೆ, ಕ್ಷಮೆ ಇರಲಿ ಎಂದು ಕೇಳಿಕೊಂಡ. ಎಲೀಷ ಉಪದೇಶ ಕೊಡದೆ ಸಮಾಧಾನದಿಂದ ಹೋಗು ಎಂದು ಕಳಿಸಿದ. ಇದರ ಅರ್ಥದ ಬಗ್ಗೆ ಪಂಡಿತರ ಜಗಳ ಏನೇ ಇರಲಿ, ನಾನು ಇದರಿಂದ ಒಂದು ಗೆರೆ ಎಳೆದುಕೊಂಡಿದ್ದೇನೆ. ನನ್ನ ಸಹಿ, ನನ್ನ ಮಾತು, ನನ್ನ ಜೇಬು, ಈ ಮೂರಕ್ಕೆ ನಾನೇ ಹೊಣೆ. ಪಕ್ಕದ ಮೇಜಿನವನ ಜೇಬಿಗೆ ನಾನು ಲೆಕ್ಕ ಕೊಡಬೇಕಿಲ್ಲ, ಅವನ ಅನ್ಯಾಯದಿಂದ ಬಡವನೊಬ್ಬನ ಪಿಂಚಣಿಯೋ ಸೇತುವೆಯ ಸಿಮೆಂಟೋ ಹೋಗುತ್ತಿಲ್ಲದಿದ್ದರೆ.

ಹೋಗುತ್ತಿದ್ದರೆ ದೂರು ಕೊಡಬೇಕಾಗುತ್ತದೆ. ಆಗ ಸಭೆಯವರೇ ಮತ್ತಾಯನ 18ನೇ ಅಧ್ಯಾಯ ತೋರಿಸಿ, ಮೊದಲು ಅವನೊಬ್ಬನನ್ನೇ ಕಂಡು ಬುದ್ಧಿ ಹೇಳು ಎನ್ನುತ್ತಾರೆ. ಆ ಮಾತು ಸಹೋದರರ ನಡುವಿನ ಮನಸ್ತಾಪಕ್ಕೆ. ಗೋಲ್‌ಮಾಲ್ ನಡೆಸುವ ಮೇಲಧಿಕಾರಿಯ ಮುಂದೆ ಹೋಗಿ ನಿಮ್ಮ ಮೇಲೆ ದೂರು ಕೊಡುತ್ತೇನೆ ಎಂದರೆ ಮಾರನೇ ದಿನ ಕಡತವೇ ಇರುವುದಿಲ್ಲ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಿಗೆ 2013ರ ಕಂಪನಿ ಕಾಯ್ದೆ ದೂರಿನ ವ್ಯವಸ್ಥೆ ಕಡ್ಡಾಯ ಮಾಡಿದೆ, ವಿಶೇಷ ಸಂದರ್ಭದಲ್ಲಿ ಆಡಿಟ್ ಸಮಿತಿಯ ಅಧ್ಯಕ್ಷರಿಗೇ ನೇರ ಬರೆಯಬಹುದು. ಬರೆಯುವ ಮುನ್ನ ವಕೀಲರೊಬ್ಬರನ್ನು ಕಾಣಿ. ಕಂಡದ್ದನ್ನು ಮಾತ್ರ ಬರೆಯಿರಿ, ಕೇಳಿದ್ದನ್ನು ಬಿಡಿ.

ಆಗಿಹೋದದ್ದಕ್ಕೆ

ಈಗಾಗಲೇ ತೆಗೆದುಕೊಂಡಾಗಿದೆ ಎನ್ನುವವರಿಗೆ ಯಾಜಕಕಾಂಡದ 6ನೇ ಅಧ್ಯಾಯದಲ್ಲಿ ಲೆಕ್ಕವೇ ಇದೆ: ಅಸಲು, ಅದರ ಮೇಲೆ ಐದರಲ್ಲೊಂದು ಪಾಲು, ಯಾರಿಗೆ ನಷ್ಟವಾಯಿತೋ ಅವರ ಕೈಗೆ. ಯೆರಿಕೋವಿನ ಸುಂಕದವ ಜಕ್ಕಾಯ ಇದನ್ನೂ ಮೀರಿ ನಾಲ್ಕರಷ್ಟು ಕೊಡುತ್ತೇನೆಂದ. ಅವನ ಮಾತಿನಲ್ಲಿ ಎರಡು ಲೆಕ್ಕ ಬೇರೆಬೇರೆ ಇರುವುದನ್ನು ನೋಡಿ. ಆಸ್ತಿಯ ಅರ್ಧ ಬಡವರಿಗೆ, ಮೋಸ ಮಾಡಿದ್ದರ ನಾಲ್ಕರಷ್ಟು ಮೋಸಹೋದವರಿಗೆ. ನಾವು ಇವೆರಡನ್ನೂ ಕಲಸಿ ಕಾಣಿಕೆ ಪೆಟ್ಟಿಗೆಗೆ ಹಾಕಿ ಕೈತೊಳೆದುಕೊಳ್ಳುತ್ತೇವೆ. ಯಾರದೋ ದುಡ್ಡು ಚರ್ಚಿನ ನೆಲಹಾಸಿಗೆ ಹೋದರೆ ಕಳಕೊಂಡವರಿಗೇನು ಬಂತು?

ಸುಳ್ಳು ಟಿಎ ಬಿಲ್ಲಿನಂಥ ಸಣ್ಣ ಮೊತ್ತವಾದರೆ, ಹೆಚ್ಚಿಗೆ ಪಡೆದದ್ದನ್ನು ಸಂಬಳದಲ್ಲಿ ಮುರಿದುಕೊಳ್ಳಿ ಎಂದು ಲೆಕ್ಕ ವಿಭಾಗಕ್ಕೆ ಪತ್ರ ಕೊಡಬಹುದು. ದೊಡ್ಡ ಮೊತ್ತ, ಅದರಲ್ಲೂ ಸಾರ್ವಜನಿಕ ಹಣವಾದರೆ ಮೊದಲು ವಕೀಲರ ಸಲಹೆ ಪಡೆಯಿರಿ, ನೀವು ಬರೆದುಕೊಟ್ಟದ್ದು ನಾಳೆ ಸಾಕ್ಷಿಯಾಗುತ್ತದೆ. ಕಥೋಲಿಕರಿಗೆ ಪಾಪನಿವೇದನೆಯ ಆಸರೆಯಿದೆ, ಅಲ್ಲಿ ಹೇಳಿದ್ದನ್ನು ಗುರುಗಳು ಯಾರಿಗೂ ಬಾಯಿಬಿಡುವಂತಿಲ್ಲ. ಆದರೆ ಹಿಂದಿರುಗಿಸಬೇಕಾದ್ದನ್ನು ಹಿಂದಿರುಗಿಸು ಎಂದು ಅಲ್ಲೂ ಹೇಳುತ್ತಾರೆ.

ಇದೇ ಸಂದರ್ಭದಲ್ಲಿ ಮನೆಯ ಕಡೆಗೂ ನೋಡಿಕೊಳ್ಳಿ. ಕಚೇರಿಯಲ್ಲಿ ಶುದ್ಧಹಸ್ತರಾದವರು ಮನೆಗೆಲಸದವರ ಸಂಬಳವನ್ನು ಹತ್ತನೇ ತಾರೀಖಿನವರೆಗೆ ಎಳೆಯುವುದು ಅಪರೂಪವಲ್ಲ. ದಿನಗೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರ. ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆ ಎಂದು ಯಾಕೋಬ ಬರೆದ. ಒಂದನೇ ತಾರೀಖು, ಸಂಬಳ ಬಂದ ದಿನವೇ, ಅವರದನ್ನು ಮೊದಲು ಕಳಿಸಿ.

ಸಭೆ ಏನು ಮಾಡಬಹುದು

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಮುದ್ರಣಾಲಯ, ಆಮೇಲೆ ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮತಾಂತರದಿಂದ ಜೀವನೋಪಾಯ ಕಳಕೊಂಡವರಿಗೆ ಅಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಕೆಲಸಗಾರರಲ್ಲಿ ಸಭೆಯವರೇ ಬಹಳ ಮಂದಿ, ಹಾಗಾಗಿ ಒಬ್ಬನ ವಾರದ ದುಡಿಮೆ ಹೇಗಿದೆ ಎಂದು ಭಾನುವಾರ ಪಕ್ಕದ ಬೆಂಚಿನವನಿಗೆ ಗೊತ್ತಿರುತ್ತಿತ್ತು. ಆ ಏರ್ಪಾಟಿನಲ್ಲಿ ಉಸಿರುಗಟ್ಟುವಿಕೆಯೂ ಇದ್ದೀತು, ಅದು ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಇವತ್ತು ನಮ್ಮ ಕೆಲಸದ ಬಗ್ಗೆ ಸಭೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಬಡ್ತಿ ಸಿಕ್ಕರೆ ಕೃತಜ್ಞತಾ ಕಾಣಿಕೆ ಪ್ರಕಟಿಸುತ್ತೇವೆ. ಲಂಚ ಬೇಡವೆಂದದ್ದಕ್ಕೆ ಬಡ್ತಿ ತಪ್ಪಿದರೆ ಯಾರೂ ಕೇಳುವುದಿಲ್ಲ.

ಸಭೆಯ ಸ್ವಂತ ಲೆಕ್ಕ ಮೊದಲು ನೆಟ್ಟಗಿರಬೇಕು. ಅರಸ ಯೋವಾಷನ ಕಾಲದಲ್ಲಿ ದೇವಾಲಯದ ದುರಸ್ತಿ ಹಣಕ್ಕೆ ಮುಚ್ಚಳದಲ್ಲಿ ತೂತು ಕೊರೆದ ಪೆಟ್ಟಿಗೆ ಇಟ್ಟರು. ತುಂಬಿದಾಗ ಅರಸನ ಲೇಖಕ, ಮಹಾಯಾಜಕ ಇಬ್ಬರೂ ಬಂದು ಒಟ್ಟಿಗೆ ಎಣಿಸುತ್ತಿದ್ದರು. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲ ಒಬ್ಬನೇ ಒಯ್ಯಲಿಲ್ಲ, ಸಭೆಗಳೇ ಆರಿಸಿದವರನ್ನು ಜೊತೆಗಿಟ್ಟುಕೊಂಡ. ದೇವರ ಮುಂದಷ್ಟೇ ಸಾಲದು, ಜನರ ಕಣ್ಣಿಗೂ ಸರಿಯಾಗಿ ಕಾಣಬೇಕು ಎಂಬುದು ಅವನ ಎಚ್ಚರ. ಆರಾಧನೆ ಮುಗಿದ ಮೇಲೆ ವೆಸ್ಟ್ರಿಯ ಮೇಜಿನ ಮೇಲೆ ನೋಟು, ಚಿಲ್ಲರೆ ಬೇರೆಮಾಡಿ ಇಬ್ಬರು ಎಣಿಸಿ, ವಹಿಯಲ್ಲಿ ಇಬ್ಬರೂ ಸಹಿ ಹಾಕುವ ಪದ್ಧತಿ ನಿಮ್ಮಲ್ಲಿದ್ದರೆ ಬಿಡಬೇಡಿ. ಲೆಕ್ಕ ಕೇಳಿದವರನ್ನು ಸೈತಾನನ ಕಡೆಯವರು ಎನ್ನುವ ಕಮಿಟಿಯಿರುವ ಸಭೆಯಲ್ಲಿ ಪ್ರಾಮಾಣಿಕತೆಯ ಪ್ರಸಂಗ ಯಾರ ಕಿವಿಗೂ ಇಳಿಯುವುದಿಲ್ಲ.

ಪ್ರಾಮಾಣಿಕತೆಗೆ ಖರ್ಚಿದೆ, ಅದನ್ನು ಮುಚ್ಚಿಡಬಾರದು. ಸಂಬಳದ ಮುಕ್ಕಾಲು ಇಎಂಐಗೆ ಹೋಗುವವನಿಗೆ ಸಾಹೇಬರ ಮುಂದೆ ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ. ಹೊಸ ಕಾರಿಗೆ ಮುಂಚೆ ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿ ಇಟ್ಟುಕೊಳ್ಳುವುದು ಆತ್ಮಿಕ ಶಿಸ್ತೇ. ದೂರದೂರಿಗೆ ಎತ್ತಂಗಡಿಯಾದವರಿಗೆ ಅಲ್ಲಿನ ಸಭೆಯವರ ಮೂಲಕ ಬಾಡಿಗೆ ಮನೆ, ಮಕ್ಕಳಿಗೆ ಶಾಲೆಯ ಸೀಟು ನೋಡಿಕೊಡಬಹುದು, ಕೆಲಸ ಹೋದವರಿಗೆ ಬಡ್ಡಿಯಿಲ್ಲದೆ ಮೂರು ತಿಂಗಳ ಬಾಡಿಗೆ ಕೊಡಬಹುದು. ಇದಕ್ಕೆ ದೊಡ್ಡ ನಿಧಿ ಬೇಡ, ಕ್ರಿಸ್‌ಮಸ್ ಅಲಂಕಾರದ ಬಜೆಟ್ಟಿನಲ್ಲಿ ಒಂದು ಪಾಲು ಸಾಕು. ಇನ್ನೊಂದು, ನಿಮ್ಮ ಕೆಲಸದ ಒಳಹೊರಗು ತಿಳಿದ ಒಬ್ಬರನ್ನು ಗೊತ್ತುಮಾಡಿಕೊಂಡು, ಈ ವಾರ ಯಾವುದಕ್ಕೆ ಸಹಿ ಹಾಕಿದೆ, ಯಾವುದಕ್ಕೆ ಹಾಕಲಿಲ್ಲ ಎಂದು ಹೇಳಿಕೊಳ್ಳುವ ವಾಡಿಕೆ ಇಟ್ಟುಕೊಳ್ಳಿ. ಗಂಡ ಹೆಂಡತಿಯೇ ಆದರೂ ಆದೀತು, ಬೇರೆ ಕಚೇರಿಯವರಾದರೆ ಇನ್ನೂ ಒಳ್ಳೆಯದು. ಭಾನುವಾರ ಸಂಜೆ ಫೋನಿನಲ್ಲಿ ಕಾಲು ಗಂಟೆ ಸಾಕಾಗುತ್ತದೆ.